ಇಬ್ಬರೇ ಇರುವ ಸಂಜೆಗೆ ಯಾವ ಆಟ?

ಬೋರ್ಡ್ ಗೇಮ್ ಡಬ್ಬದ ಮೇಲೆ '2–5 ಆಟಗಾರರು' ಅಂತ ಅಚ್ಚಾಗಿರುತ್ತದೆ. ಸರಿ, ನಾವೂ ಇಬ್ಬರಿದ್ದೇವಲ್ಲ ಅಂದುಕೊಂಡು ತಂದವರು ಬೇಕಾದಷ್ಟು ಜನ. ಮನೆಯಲ್ಲಿ ಎದುರುಬದುರು ಕೂತು ಆಡಿದರೆ ಸಪ್ಪೆ. ಐದು ಜನರ ಗದ್ದಲಕ್ಕೆಂದು ಹೆಣೆದ ಆಟ ಇಬ್ಬರಿಗೆ ಸಡಿಲವಾಗಿಬಿಡುತ್ತದೆ. ಡಬ್ಬ ಅಟ್ಟಕ್ಕೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಾಲ್ಕು ಜನ ಆಡಿದರೆ ಸೋಲು ಮೂವರಲ್ಲಿ ಹಂಚಿ ಹೋಗುತ್ತದೆ, ಯಾರಿಗೂ ಅಷ್ಟಾಗಿ ತಟ್ಟುವುದಿಲ್ಲ. ಇಬ್ಬರೇ ಆಡುವಾಗ ಹಾಗಲ್ಲ. ಸೋತವರು ಒಬ್ಬರೇ, ಸೋಲಿಸಿದವರು ಎದುರಿಗೇ ಕೂತಿರುತ್ತಾರೆ, ಆಮೇಲೆ ಇಬ್ಬರೂ ಅದೇ ಮನೆಯಲ್ಲಿ ಇರಬೇಕು. ಆದ್ದರಿಂದ ಆಟದ ಹೆಸರು ಎಷ್ಟು ದೊಡ್ಡದು ಅಂತ ನೋಡುವ ಮೊದಲು, ಅದರಲ್ಲಿ ಸೋಲುವುದು ಹೇಗಿರುತ್ತದೆ ಅಂತ ನೋಡಿ. ನನ್ನ ಲೆಕ್ಕದಲ್ಲಿ ಜೋಡಿಗಳಿಗೆ ಅದೇ ಮೊದಲ ಅಳತೆ.

ಹಂತ 1: ಎದುರಾಳಿಯೋ, ಜೊತೆಗಾರರೋ ತೀರ್ಮಾನಿಸಿ

ಇಬ್ಬರ ಆಟಗಳನ್ನು ಹೆಚ್ಚುಕಮ್ಮಿ ಮೂರು ಗುಂಪು ಮಾಡಬಹುದು. ಒಂದು, ನೇರ ಹಣಾಹಣಿ. ಚೆಸ್, ಬ್ಯಾಕ್‌ಗ್ಯಾಮನ್, ಹೈವ್ ಇವೆಲ್ಲ ಇಲ್ಲಿ ಬರುತ್ತವೆ. ಒಬ್ಬರ ಕಾಯಿ ಇನ್ನೊಬ್ಬರು ಹೊಡೆಯುತ್ತಾರೆ, ಇಲ್ಲವೇ ದಾರಿ ಕಟ್ಟುತ್ತಾರೆ. ಎರಡು, ಇಬ್ಬರೂ ತಮ್ಮ ತಮ್ಮ ಹಲಗೆ ಕಟ್ಟಿಕೊಂಡು ಕೊನೆಗೆ ಅಂಕ ಎಣಿಸುವ ಆಟ. 2014ರಲ್ಲಿ ಬಂದ ಪ್ಯಾಚ್‌ವರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಬಟ್ಟೆ ತುಂಡುಗಳ ಆಕಾರದ ಬಿಲ್ಲೆಗಳನ್ನು ಕೊಂಡು, ಒಂಬತ್ತು ಒಂಬತ್ತು ಮನೆಗಳ ಹಲಗೆಯ ಮೇಲೆ ಸಂದಿಯಿಲ್ಲದಂತೆ ಜೋಡಿಸಬೇಕು. ಖಾಲಿ ಉಳಿದ ಪ್ರತಿ ಮನೆಗೂ ಎರಡು ಅಂಕ ಕಟ್. ನಿಮಗೆ ಬೇಕಾದ ತುಂಡನ್ನು ಅವರು ಎತ್ತಿಕೊಂಡರೆ ಹೊಟ್ಟೆ ಉರಿಯುತ್ತದೆ ನಿಜ, ಆದರೆ ನೀವು ಕಟ್ಟಿದ್ದನ್ನು ಯಾರೂ ಕೆಡವುವುದಿಲ್ಲ. ಸೋತರೂ ಕಣ್ಣ ಮುಂದೆ ನೀವೇ ಜೋಡಿಸಿದ್ದೊಂದು ಇರುತ್ತದೆ.

ಮೂರನೆಯದು ಸಹಕಾರದ ಆಟ. ಇಬ್ಬರೂ ಒಂದೇ ಪಕ್ಷ, ಎದುರಾಳಿ ಆಟವೇ. ಗೆದ್ದರೆ ಇಬ್ಬರೂ, ಮುಳುಗಿದರೆ ಇಬ್ಬರೂ. ನಿಮ್ಮಲ್ಲಿ ಒಬ್ಬರಾದರೂ ಸೋತರೆ ಮುಖ ಊದಿಸಿಕೊಳ್ಳುವ ಪೈಕಿ ಆಗಿದ್ದರೆ ಇಲ್ಲಿಂದಲೇ ಶುರು ಮಾಡಿ. (ಅಂಥವರು ತಾವು ಹಾಗೆ ಅಂತ ಒಪ್ಪುವುದಿಲ್ಲ. ಇನ್ನೊಬ್ಬರನ್ನು ಕೇಳಿ.)

ಆದರೆ ಸಹಕಾರದ ಆಟಕ್ಕೂ ಒಂದು ರೋಗವಿದೆ. ಆಟ ಚೆನ್ನಾಗಿ ಗೊತ್ತಿರುವವರು ಇಬ್ಬರ ಪಾಲನ್ನೂ ತಾವೇ ಆಡಿಬಿಡುತ್ತಾರೆ. ಪ್ಯಾಂಡೆಮಿಕ್‌ನಂಥ ಆಟದಲ್ಲಿ ಯಾರ ಬಳಿ ಏನಿದೆ ಅಂತ ಮುಕ್ತವಾಗಿ ಮಾತಾಡಿಕೊಳ್ಳಬಹುದು. 'ನೀನು ಅಲ್ಲಿಗೆ ಹೋಗು, ಆ ಕಾರ್ಡ್ ಇಟ್ಕೋ, ಇದನ್ನ ಹಾಕು' ಅಂತ ಶುರುವಾದರೆ ಎರಡನೆಯವರು ಸುಮ್ನೆ ಕಾಯಿ ಸರಿಸುವ ಕೆಲಸಕ್ಕೆ ಇರುತ್ತಾರೆ. ಇದಕ್ಕೆ ಮದ್ದು, ಮಾತಿಗೆ ಕಡಿವಾಣ ಹಾಕುವ ಆಟಗಳು.

ಸ್ಕೈ ಟೀಮ್ ನೋಡಿ. ಇಬ್ಬರಿಗಾಗಿಯೇ ಮಾಡಿದ ಆಟ. ಒಬ್ಬರು ಪೈಲಟ್, ಇನ್ನೊಬ್ಬರು ಸಹ ಪೈಲಟ್, ವಿಮಾನ ಇಳಿಸಬೇಕು. ಪ್ರತಿ ಸುತ್ತಿನಲ್ಲಿ ತಲಾ ನಾಲ್ಕು ದಾಳಗಳನ್ನು ಮರೆಯ ಹಿಂದೆ ಉರುಳಿಸುತ್ತಾರೆ. ಉರುಳಿಸುವ ಮೊದಲು ಎಷ್ಟು ಬೇಕಾದರೂ ಮಾತಾಡಬಹುದು. ಉರುಳಿದ ಮೇಲೆ ಬಾಯಿ ಬಂದ್. ಪ್ರತಿ ಸುತ್ತಿನಲ್ಲೂ ಇಬ್ಬರೂ ಒಂದೊಂದು ದಾಳವನ್ನು ವಿಮಾನದ ವಾಲಿಕೆ ಸರಿಪಡಿಸುವ ಜಾಗದಲ್ಲಿ ಇಡಲೇಬೇಕು. ಎರಡರ ನಡುವೆ ಅಂತರ ಎಷ್ಟೋ ಅಷ್ಟು ವಿಮಾನ ವಾಲುತ್ತದೆ. ಅವರು ಐದು ಇಟ್ಟಿದ್ದಾರೆ, ನಿಮ್ಮ ಬಳಿ ಇರುವುದು ಒಂದು, ಎರಡು, ಎರಡು, ಆರು. ಆರು ಇಟ್ಟರೆ ವಿಮಾನ ಹೆಚ್ಚುಕಮ್ಮಿ ನೆಟ್ಟಗಿರುತ್ತದೆ, ಆದರೆ ಆ ಆರನ್ನು ನೀವು ಬೇರೆ ಕಡೆಗೆ ಎತ್ತಿಟ್ಟುಕೊಂಡಿದ್ದಿರಿ. ಅದು ಅವರಿಗೆ ಗೊತ್ತಿಲ್ಲ. ಹೇಳುವ ಹಾಗೂ ಇಲ್ಲ. ಮುಖ ನೋಡುತ್ತೀರಿ, ಅವರೂ ನೋಡುತ್ತಾರೆ. ಒಬ್ಬರೇ ಯಜಮಾನಿಕೆ ಮಾಡಲು ಇಲ್ಲಿ ಜಾಗವೇ ಇಲ್ಲ. ಒಂದು ಆಟ ಇಪ್ಪತ್ತು ನಿಮಿಷದ ಆಸುಪಾಸು. 2024ರಲ್ಲಿ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಇದಕ್ಕೇ ಬಂತು. ಇಬ್ಬರು ಮಾತ್ರ ಆಡುವ ಆಟಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಮಾತಿನ ಆಟ ಇಷ್ಟ ಇರುವವರಿಗೆ ಕೋಡ್‌ನೇಮ್ಸ್ ಡ್ಯುಯೆಟ್. ಮೇಜಿನ ಮೇಲೆ 25 ಪದಗಳು. ಒಂದು ಪದದ ಸುಳಿವು ಕೊಟ್ಟು, ಸಂಗಾತಿ ಸರಿಯಾದ ಪದಗಳನ್ನು ಮುಟ್ಟುವಂತೆ ಮಾಡಬೇಕು. ಒಟ್ಟು 15 ಪದ ಸಿಕ್ಕರೆ ಗೆಲುವು. 'ಕೊಲೆಗಡುಕ' ಅಂತ ಗುರುತಾಗಿರುವ ಪದ ಮುಟ್ಟಿದರೆ ಆಟ ಅಲ್ಲಿಗೇ ಖತಂ. ಡಬ್ಬದಲ್ಲಿ ಬರುವ ಪದಗಳು ಇಂಗ್ಲಿಷಿನವು ಅಂತ ಹಿಂಜರಿಯಬೇಡಿ. ಯಾವ ಜಾಗ ಸರಿ, ಯಾವುದು ತಪ್ಪು ಅಂತ ಹೇಳುವ ಕಾರ್ಡಿಗೂ ಪದಗಳಿಗೂ ಸಂಬಂಧವಿಲ್ಲ. ಅದು ಜಾಗವನ್ನಷ್ಟೇ ತೋರಿಸುತ್ತದೆ. ಚೀಟಿಗಳ ಮೇಲೆ ನಿಮ್ಮದೇ ಕನ್ನಡ ಪದಗಳನ್ನು ಬರೆದು ಹರಡಿದರೆ ಆಟ ಹಾಗೇ ನಡೆಯುತ್ತದೆ. ಇನ್ನೂ ಚೆನ್ನಾಗಿ ನಡೆಯುತ್ತದೆ ಅನ್ನಬೇಕು. ನಿಮ್ಮಿಬ್ಬರಿಗೆ ಮಾತ್ರ ಅರ್ಥವಾಗುವ ಸುಳಿವುಗಳಿಗೆ ಇಲ್ಲಿ ಪೂರ್ತಿ ಪರವಾನಗಿ.

ಹಂತ 2: ಡಬ್ಬದ ಮೇಲಿನ ಸಂಖ್ಯೆಯನ್ನು ಪರೀಕ್ಷಿಸಿ

'2' ಅಂತ ಮಾತ್ರ ಬರೆದಿದ್ದರೆ ನಿಶ್ಚಿಂತೆ. '2–4', '2–5' ಅಂದಿದ್ದರೆ ಸ್ವಲ್ಪ ಕೆದಕಿ. ಆಟಗಾರರು ತಮ್ಮತಮ್ಮಲ್ಲೇ ಮಾಡುವ ವ್ಯಾಪಾರ, ಹರಾಜು, ವೋಟು, ಸುಳ್ಳು ಹೇಳಿ ಯಾಮಾರಿಸುವುದು, ಇಂಥವುಗಳ ಮೇಲೆ ನಿಂತ ಆಟ ಇಬ್ಬರಿಗೆ ಒಗ್ಗುವುದು ಅಪರೂಪ. ನನಗೆ ಒಳ್ಳೆಯದಾದರೆ ನಿಮಗೆ ಕೆಟ್ಟದ್ದು ಅನ್ನುವಾಗ ಯಾರು ತಾನೇ ವ್ಯಾಪಾರ ಮಾಡುತ್ತಾರೆ? ಹೆಸರುವಾಸಿಯಾದ ಕಟಾನ್ ಮೂರು ನಾಲ್ಕು ಜನರ ಆಟವಾಗಿರುವುದು ಸುಮ್ಮನೆ ಅಲ್ಲ. ನಿಯಮ ಪುಸ್ತಕದಲ್ಲಿ 'ಇಬ್ಬರೇ ಇದ್ದರೆ ಮೂರನೆಯವರೊಬ್ಬರು ಇದ್ದಾರೆ ಅಂದುಕೊಳ್ಳಿ' ಅನ್ನುವಂಥ ಸಾಲು ಕಂಡರೆ ನಾನಂತೂ ಡಬ್ಬ ವಾಪಸ್ ಇಡುತ್ತೇನೆ.

ಹಾಗಂತ ಎಲ್ಲವನ್ನೂ ತಳ್ಳಿಹಾಕಬೇಡಿ. ಕಾರ್ಕಸೋನ್ ಐದು ಜನ ಆಡಬಹುದಾದ ಆಟ, ಆದರೆ ಇಬ್ಬರಿಗೇ ಅದು ಹೆಚ್ಚು ಚುರುಕು. 72 ಬಿಲ್ಲೆಗಳಲ್ಲಿ ಅರ್ಧ ನಿಮ್ಮ ಕೈಗೇ ಬರುತ್ತವೆ, ಆದ್ದರಿಂದ ಯೋಜನೆ ಹಾಕಿದ್ದಕ್ಕೆ ಅರ್ಥ ಇರುತ್ತದೆ. ಅಜುಲ್ ಕೂಡ ಹಾಗೇ. ಆದರೆ ಒಂದು ಎಚ್ಚರಿಕೆ. ನೋಡಲು ಬಣ್ಣದ ಹೆಂಚು ಜೋಡಿಸುವ ಮುದ್ದಾದ ಆಟ, ಇಬ್ಬರಾದಾಗ ಮಾತ್ರ ಬಹಳ ಕಟುಕ. ಅವರಿಗೆ ಬೇಡದ ಹೆಂಚಿನ ರಾಶಿಯನ್ನು ಅವರ ತಲೆಗೇ ಕಟ್ಟಬಹುದು.

ಬೋರ್ಡ್‌ಗೇಮ್‌ಗೀಕ್ ಅನ್ನುವ ತಾಣದಲ್ಲಿ ಪ್ರತಿ ಆಟಕ್ಕೂ ಎಷ್ಟು ಜನರಿದ್ದರೆ ಚೆನ್ನ ಅಂತ ಆಡಿದವರೇ ಹಾಕಿದ ವೋಟು ಸಿಗುತ್ತದೆ. ಆಟ ಎಷ್ಟು ಕ್ಲಿಷ್ಟ ಅನ್ನುವುದಕ್ಕೂ ಒಂದರಿಂದ ಐದರವರೆಗೆ ಅಂಕ ಇರುತ್ತದೆ. ಮೊದಲ ಆಟಕ್ಕೆ ಎರಡಕ್ಕಿಂತ ಕೆಳಗೇ ಇರಿ.

ಹಂತ 3: ನಿಮ್ಮಿಬ್ಬರ ನಡುವಿನ ಅಂತರ ಅಳೆಯಿರಿ

ಒಬ್ಬರು ಚಿಕ್ಕಂದಿನಿಂದ ಚೆಸ್ ಆಡಿದವರು, ಇನ್ನೊಬ್ಬರಿಗೆ ಕುದುರೆ ಹೇಗೆ ನಡೆಯುತ್ತದೆ ಅನ್ನುವುದೇ ಗೊಂದಲ. ಇಂಥ ಜೋಡಿಗೆ ಚೆಸ್ ಬೇಡ. ಅದೃಷ್ಟಕ್ಕೆ ಜಾಗವೇ ಇಲ್ಲದ ಆಟದಲ್ಲಿ ಗೊತ್ತಿರುವವರೇ ಪ್ರತಿ ಸಲ ಗೆಲ್ಲುತ್ತಾರೆ, ಕೆಲವೇ ದಿನದಲ್ಲಿ ಇಬ್ಬರಿಗೂ ಬೇಜಾರು. ಅಂಥ ಆಟವೇ ಬೇಕೆಂದರೆ ಕಪ್ಪು ಬಿಳಿ ಕಾಯಿಗಳ 'ಗೋ' ಅನ್ನುವ ಆಟ ಆಡಿ. ಹೊಸಬರು ಮೊದಲೇ ಕೆಲವು ಕಾಯಿಗಳನ್ನು ಹಲಗೆಯ ಮೇಲೆ ಇಟ್ಟುಕೊಂಡು ಶುರು ಮಾಡುವ ಪದ್ಧತಿ ಆ ಆಟದಲ್ಲೇ ಇದೆ. ಒಂಬತ್ತು ಗೆರೆಗಳ ಚಿಕ್ಕ ಹಲಗೆ ಸಾಕು.

ಉಳಿದವರಿಗೆ ಎಲೆ, ದಾಳ ಇರುವ ಆಟವೇ ವಾಸಿ. ಒಂದಿಷ್ಟು ಅದೃಷ್ಟ, ಒಂದಿಷ್ಟು ಲೆಕ್ಕ. ಈ ಬೆರಕೆ ಸರಿಯಾಗಿ ಕೂತಿರುವುದು 1999ರ ಲಾಸ್ಟ್ ಸಿಟೀಸ್‌ನಲ್ಲಿ. ಮೂಲ ಆಟದಲ್ಲಿ ಐದು ಬಣ್ಣ, ಪ್ರತಿ ಬಣ್ಣದಲ್ಲಿ ಎರಡರಿಂದ ಹತ್ತರವರೆಗೆ ಕಾರ್ಡು. ಯಾವ ಬಣ್ಣದಲ್ಲಾದರೂ ಸಾಲು ಶುರು ಮಾಡಬಹುದು, ಆದರೆ ಸಂಖ್ಯೆ ಏರುತ್ತಲೇ ಹೋಗಬೇಕು. ಶುರು ಮಾಡಿದ ಪ್ರತಿ ಸಾಲಿಗೂ 20 ಅಂಕ ಸಾಲ. ಕಾರ್ಡುಗಳ ಮೊತ್ತ 20 ದಾಟಿದರೆ ಲಾಭ, ಇಲ್ಲದಿದ್ದರೆ ನಷ್ಟ.

ಮಜಾ ಬರುವುದು ಹೀಗೆ. ಅವರು ನೀಲಿಯಲ್ಲಿ ನಾಲ್ಕು, ಆರು ಇಟ್ಟಿದ್ದಾರೆ. ನಿಮ್ಮ ಕೈಯಲ್ಲಿ ನೀಲಿ ಎಂಟು ಇದೆ. ನಿಮಗೆ ಅದರಿಂದ ಏನೂ ಉಪಯೋಗವಿಲ್ಲ. ಪ್ರತಿ ಸರದಿಯಲ್ಲೂ ಒಂದು ಕಾರ್ಡನ್ನು ಸಾಲಿಗೆ ಹಾಕಬೇಕು ಇಲ್ಲವೇ ಎಸೆಯಬೇಕು. ನೀಲಿ ಎಂಟನ್ನು ಎಸೆದಿರೋ, ಮರುಕ್ಷಣ ಅವರು ಎತ್ತಿಕೊಳ್ಳುತ್ತಾರೆ. ಬಚ್ಚಿಟ್ಟುಕೊಂಡರೆ ಎಂಟು ಕಾರ್ಡಿನ ಕೈಯಲ್ಲಿ ಒಂದು ಜಾಗ ಕೊನೆಯವರೆಗೂ ದಂಡ. ಬೇರೇನು ಎಸೆಯಲಿ ಅಂತ ನೋಡಿದರೆ ಹಳದಿ ಒಂಬತ್ತು. ಅದು ನಿಮಗೇ ಬೇಕು. ಅವರು ಬೆರಳಿಂದ ಮೇಜು ಕುಟ್ಟುತ್ತಿದ್ದಾರೆ. ಅವರ ಕೈಯಲ್ಲೂ ನಿಮ್ಮ ಹಳದಿ ಹತ್ತು ಹೀಗೇ ಕೊಳೆಯುತ್ತಿರಬಹುದು ಅಲ್ವಾ? ನಿಯಮ ಕಲಿಯಲು ಐದು ನಿಮಿಷ ಸಾಕು, ಎಲೆ ಕೆಟ್ಟದಾಗಿ ಬಿತ್ತು ಅಂತ ಸೋತವರು ದೂರಲೂ ಅವಕಾಶವಿದೆ. ಈ ಎರಡನೆಯದು ಇಬ್ಬರ ಆಟಕ್ಕೆ ಬಹಳ ದೊಡ್ಡ ಗುಣ.

ಹಂತ 4: ಸಂಜೆ ಎಷ್ಟು ಹೊತ್ತಿನದು ನೋಡಿ

ದಿನವಿಡೀ ದುಡಿದು ಬಂದ ಮೇಲೆ ಎರಡು ಗಂಟೆಯ ಆಟ ಯಾರಿಗೂ ಬೇಡ. ಮೂವತ್ತು ನಿಮಿಷದೊಳಗೆ ಮುಗಿಯುವಂಥದ್ದು ಇದ್ದರೆ 'ಇನ್ನೊಂದು ಆಟ' ಅನ್ನಬಹುದು. ಸೋತವರಿಗೆ ಸೇಡು ತೀರಿಸಿಕೊಳ್ಳಲು ಅದೇ ರಾತ್ರಿ ಅವಕಾಶ ಸಿಗಬೇಕು. ಜೈಪುರ್ ಅನ್ನುವ ವ್ಯಾಪಾರದ ಕಾರ್ಡ್ ಆಟ ಇದನ್ನು ಒಳಗೇ ಇಟ್ಟುಕೊಂಡಿದೆ: ಮೂರು ಸುತ್ತುಗಳಲ್ಲಿ ಎರಡು ಗೆದ್ದವರು ಗೆದ್ದಂತೆ. ಡಬ್ಬದ ಮೇಲಿನ ಸಮಯ ಆಟ ಬಲ್ಲವರದ್ದು. ಮೊದಲ ಸಲ ಅದರ ಎರಡರಷ್ಟು ಹಿಡಿಯಿರಿ. ಜೋಡಿಸುವ, ಎತ್ತಿಡುವ ಹೊತ್ತು ಬೇರೆ.

ಹಂತ 5: ಕೊಳ್ಳುವ ಮೊದಲು ಒಂದು ಇಸ್ಪೀಟ್ ಪ್ಯಾಕ್‌ನಲ್ಲಿ ಪರೀಕ್ಷೆ

ಡ್ರಾಯರಿನಲ್ಲಿ ಒಂದು ಪ್ಯಾಕ್ ಇದ್ದರೆ ದುಡ್ಡು ಹಾಕದೆಯೇ ನಿಮ್ಮ ರುಚಿ ತಿಳಿಯಬಹುದು. ರಮ್ಮಿ ಬಲ್ಲವರು ಜಿನ್ ರಮ್ಮಿ ಆಡಲಿ. ಜೋಕರ್ ಇಲ್ಲ, ತಲಾ ಹತ್ತು ಎಲೆ. ಒಂದೇ ಸಂಖ್ಯೆಯ ಮೂರು ನಾಲ್ಕು ಎಲೆ, ಇಲ್ಲವೇ ಒಂದೇ ಗುರುತಿನ (ಆಟೀನ್, ಕಳಾವರ್ ಹೀಗೆ) ಸೀಕ್ವೆನ್ಸ್. ಎಲ್ಲವೂ ಸೇರುವವರೆಗೆ ಕಾಯಬೇಕಿಲ್ಲ. ಜೊತೆ ಸೇರದೆ ಉಳಿದ ಎಲೆಗಳ ಮೊತ್ತ ಹತ್ತು ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಆಟ ನಿಲ್ಲಿಸಬಹುದು. ಆದರೆ ಎದುರಿನವರ ಬಳಿ ನಿಮ್ಮಷ್ಟೇ ಅಥವಾ ಇನ್ನೂ ಕಮ್ಮಿ ಉಳಿದಿದ್ದರೆ ಅಂಕ ಅವರಿಗೇ. ಈಗಲೇ ನಿಲ್ಲಿಸಲೋ, ಇನ್ನೊಂದು ಎಲೆ ಎತ್ತಲೋ ಅನ್ನುವ ಚಡಪಡಿಕೆಯೇ ಈ ಆಟದ ಜೀವ.

ಇನ್ನೊಂದು ಜರ್ಮನ್ ವಿಸ್ಟ್. ತಲಾ 13 ಎಲೆ, ಉಳಿದ 26 ಮಧ್ಯದಲ್ಲಿ, ಮೇಲಿನ ಎಲೆ ಅಂಗಾತ. ಆ ಎಲೆಯ ಗುರುತೇ ಇಡೀ ಆಟಕ್ಕೆ ತುರುಫು, ಅಂದರೆ ಉಳಿದ ಗುರುತುಗಳನ್ನು ಸೋಲಿಸುವ ಗುರುತು. ಇಬ್ಬರೂ ಒಂದೊಂದು ಎಲೆ ಹಾಕಿದಾಗ ಪ್ರತಿ ಸಲ ಗೆದ್ದವರಿಗೆ ಕಾಣುವ ಎಲೆ, ಸೋತವರಿಗೆ ಅದರ ಕೆಳಗಿನ ಕಾಣದ ಎಲೆ. ಈ ಮೊದಲ ಅರ್ಧದಲ್ಲಿ ಗೆದ್ದದ್ದಕ್ಕೆ ಅಂಕವೇ ಇಲ್ಲ, ಕೈ ಬಲಪಡಿಸಿಕೊಳ್ಳಲಿಕ್ಕಷ್ಟೇ. ಮಧ್ಯದ ಎಲೆ ಮುಗಿದ ಮೇಲಿನ 13 ಸುತ್ತುಗಳಲ್ಲಿ ಜಾಸ್ತಿ ಗೆದ್ದವರು ಗೆದ್ದರು. ಮೇಲೆ ಬಿದ್ದಿರುವುದು ಎರಡೋ ಮೂರೋ ಆದರೆ ಬೇಕೆಂದೇ ಸೋಲುವುದು ಜಾಣತನ.

ಜಿನ್ ರಮ್ಮಿ ಹಿಡಿಸಿದರೆ ಲಾಸ್ಟ್ ಸಿಟೀಸ್, ಜೈಪುರ್ ಹಿಡಿಸುವ ಸಾಧ್ಯತೆ ಜಾಸ್ತಿ. ಈ ಎರಡು ಇಸ್ಪೀಟ್ ಆಟಗಳೂ ಬೇಡ, ಎಲೆ ಲೆಕ್ಕ ಇಟ್ಟುಕೊಳ್ಳುವುದೇ ತಲೆನೋವು ಅನ್ನಿಸಿದರೆ ಬಿಲ್ಲೆ ಜೋಡಿಸುವ ಆಟಗಳ ಕಡೆ ಹೋಗಿ. ಎಷ್ಟೋ ಡಬ್ಬದ ಆಟಗಳನ್ನೂ ಬೋರ್ಡ್ ಗೇಮ್ ಅರೀನಾ ಅನ್ನುವ ತಾಣದಲ್ಲಿ ಬ್ರೌಸರಿನಲ್ಲೇ ಆಡಿ ನೋಡಬಹುದು. ಕೊಳ್ಳಲೇಬೇಕಾದ ಆಟವೋ ಅಲ್ಲವೋ ಅಂತ ತಿಳಿಯಲು ಅಷ್ಟು ಸಾಕು.

ಹಂತ 6: ಮೊದಲ ಆಟ ಲೆಕ್ಕಕ್ಕಿಲ್ಲ

ನಿಯಮ ಪುಸ್ತಕವನ್ನು ಒಬ್ಬರು ಹಗಲಲ್ಲೇ ಓದಿಟ್ಟುಕೊಳ್ಳಲಿ. ಸಂಜೆ ಮೇಜಿನ ಮುಂದೆ ಕೂತು ಪುಟ ತಿರುಗಿಸುತ್ತಾ ಗೊಣಗುವುದನ್ನು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮೊದಲ ಆಟವನ್ನು ಕೈ ತೆರೆದಿಟ್ಟುಕೊಂಡು ಆಡಿ, ಅಂಕ ಬರೆಯಬೇಡಿ. ಕಲಿಸುವವರಿಗೆ ಇನ್ನೊಂದು ಮಾತು: 'ಅಯ್ಯೋ, ಹೇಳೋದು ಮರೆತೆ, ಹಾಗೆ ಮಾಡೋ ಹಾಗಿಲ್ಲ' ಅನ್ನುವುದನ್ನು ನೀವು ಗೆಲ್ಲುವ ಹೊತ್ತಿನಲ್ಲಿ ನೆನಪಿಸಿಕೊಳ್ಳಬೇಡಿ. ಅಂಥ ನಿಯಮ ಮುಂದಿನ ಆಟದಿಂದ ಜಾರಿಗೆ ಬರಲಿ.

ಹಂತ 7: ಎರಡನೆಯ ಡಬ್ಬಕ್ಕೆ ಅವಸರ ಬೇಡ

ಒಂದು ಆಟದ ಒಳಗುಟ್ಟು ಬಿಚ್ಚಿಕೊಳ್ಳಲು ಹತ್ತು ಸಲವಾದರೂ ಆಡಬೇಕು. ಎರಡನೆಯದು ಕೊಳ್ಳುವಾಗ ಮೊದಲನೆಯದರ ಜಾತಿಯದ್ದೇ ಬೇಡ. ಕಾರ್ಡ್ ಆಟ ಇದ್ದರೆ ಬಿಲ್ಲೆಯದ್ದು, ಪೈಪೋಟಿಯದ್ದಿದ್ದರೆ ಸಹಕಾರದ್ದು ತನ್ನಿ. ಆಯಾ ರಾತ್ರಿಯ ಮನಸ್ಸಿಗೆ ತಕ್ಕ ಹಾಗೆ ಆರಿಸಿಕೊಳ್ಳಬಹುದು. ಪ್ಯಾಚ್‌ವರ್ಕ್, ಲಾಸ್ಟ್ ಸಿಟೀಸ್, ಸ್ಕೈ ಟೀಮ್ ಈ ಮೂರಿದ್ದರೆ ವರ್ಷವೆಲ್ಲ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಇಬ್ಬರಿಗೂ ಜಗಳವೇ ಇಷ್ಟವಾದರೆ ಸ್ಕೈ ಟೀಮ್ ಬದಲು ಹೈವ್. ಅದಕ್ಕೆ ಹಲಗೆಯೂ ಬೇಡ, ತಲಾ 11 ಕಾಯಿ, ಎದುರಾಳಿಯ ರಾಣಿ ಜೇನನ್ನು ಸುತ್ತುವರಿದರೆ ಗೆಲುವು. ಇರುವ ಆಟಕ್ಕೇ ಸೇರಿಸುವ ಹೆಚ್ಚುವರಿ ಡಬ್ಬಗಳು ಅಂಗಡಿಯಲ್ಲಿ ಪಕ್ಕದಲ್ಲೇ ಇರುತ್ತವೆ. ಮೂಲ ಆಟ ಇಬ್ಬರಿಗೂ ಬಾಯಿಪಾಠ ಆಗುವವರೆಗೆ ಅವು ಅಲ್ಲೇ ಇರಲಿ.