ಅಜ್ಜನ ಜೀಪು ನಿಜವಾಗಲೂ ಯುದ್ಧಕ್ಕೆ ಹೋಗಿತ್ತಾ?

ಸಕಲೇಶಪುರದ ಕಡೆ ಹಳೇ ಜೀಪು ಇರುವ ತೋಟದ ಮನೆಗಳಲ್ಲಿ ಒಂದೇ ಕಥೆ: ‘ಇದು ಬರ್ಮಾ ಯುದ್ಧದಲ್ಲಿ ಓಡಿದ್ದು.’ ನಮ್ಮಲ್ಲೂ ಅದೇ. ಅಜ್ಜ ಮಿಲಿಟರಿ ಹರಾಜಿನಲ್ಲಿ ತಂದಿದ್ದಂತೆ. ಆರ್‌ಸಿ ಬುಕ್ಕಿನಲ್ಲಿ ‘ವಿಲ್ಲೀಸ್’ ಅಂತ, ಅಂದರೆ ಜೀಪು ಮಾಡುತ್ತಿದ್ದ ಅಮೆರಿಕದ ಕಂಪನಿಯ ಹೆಸರು ಮಾತ್ರ ಇದೆ. ಅದರಲ್ಲಿರುವ ವರ್ಷ ಇಲ್ಲಿ ನೋಂದಣಿಯಾದದ್ದು, ಗಾಡಿ ಹುಟ್ಟಿದ್ದಲ್ಲ.

ಕಳೆದ ಮಳೆಗಾಲದಲ್ಲಿ ಪೂರ್ತಿ ಬಿಚ್ಚಿಸಿದೆ. ಬಣ್ಣ ಕೀಳುವ ಮೊದಲೇ ಗುರುತು ಹುಡುಕಬೇಕು, ಇಲ್ಲದಿದ್ದರೆ ಪುರಾವೆಯೆಲ್ಲ ಪುಡಿಯಾಗಿ ನೆಲಕ್ಕೆ ಬೀಳುತ್ತದೆ.

ಎರಡನೇ ಮಹಾಯುದ್ಧದ ಕಾಲದ ಜೀಪು ಹೌದಾ ಅನ್ನುವುದು ಬೇಗ ಗೊತ್ತಾಯಿತು. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು, ಯುದ್ಧದ ನಂತರದವಕ್ಕೆ ಏಳು. ಹಿಂದೆ ತೆರೆಯುವ ಬಾಗಿಲಿಲ್ಲ. ರೆಕ್ಕೆ ನಟ್ಟು ಸಡಿಲಿಸಿದರೆ ಹೆಡ್‌ಲೈಟು ಹಿಂದಕ್ಕೆ ಮಗುಚಿ ಇಂಜಿನ್ ಮೇಲೆ ಬೆಳಕು ಬೀಳುತ್ತದೆ. ಕತ್ತಲಲ್ಲಿ ರಿಪೇರಿ ಮಾಡಬೇಕಲ್ವಾ, ಅದಕ್ಕೆ.

ಆಮೇಲೆ ಸೀಮೆಎಣ್ಣೆ, ತಂತಿ ಬ್ರಶ್ ಹಿಡಿದು ಗಾಡಿ ಕೆಳಗೆ ಮಲಗಿದೆ. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡಗಿನ ಕೊಳವೆಯಾಗಿದ್ದರೆ ವಿಲ್ಲೀಸ್. ನಮ್ಮದು ಕವುಚಿಟ್ಟ ದೋಣಿಯ ಹಾಗಿತ್ತು. ಅಂದರೆ ಫೋರ್ಡ್! ಅಪ್ಪ ಒಪ್ಪಲೇ ಇಲ್ಲ. ಅಮೆರಿಕದ ಟೊಲೆಡೊದಲ್ಲಿದ್ದ ವಿಲ್ಲೀಸ್ ಕಾರ್ಖಾನೆಯೊಂದೇ ಸಾಲದೆ ಅಲ್ಲಿನ ಸೈನ್ಯ ಅದೇ ನಕ್ಷೆಯನ್ನು ಫೋರ್ಡ್‌ಗೂ ಕೊಟ್ಟು ಮಾಡಿಸಿತ್ತು ಅಂತ ವಿವರಿಸಿದೆ. ಫೋರ್ಡ್‌ನವರು ತಮ್ಮ ಬೋಲ್ಟಿನ ತಲೆಯ ಮೇಲೂ ‘ಎಫ್’ ಅಚ್ಚು ಹಾಕುತ್ತಿದ್ದರು. ಅಂಥ ಒಂದು ಬೋಲ್ಟು ಅಪ್ಪನ ಅಂಗೈಗೆ ಇಟ್ಟೆ. ತುಂಬಾ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು, ಮಾತಾಡಲಿಲ್ಲ.

ಫೋರ್ಡ್ ಚಾಸಿ ನಂಬರ್ ಎಡಗಡೆ ಉದ್ದಪಟ್ಟಿಯ ಮೇಲ್ಮೈಯಲ್ಲೇ ಕೊರೆದಿರುತ್ತದೆ. ತುಕ್ಕು ಕೆರೆದಾಗ ‘ಜಿಪಿಡಬ್ಲ್ಯು’ ಕಂಡಿತು, ಫೋರ್ಡ್ ಜೀಪಿನ ಮಾಡೆಲ್ ಹೆಸರು ಅದು. ಇಂಜಿನ್ ಮೇಲೂ ಅದೇ ನಂಬರ್ ಇರಬೇಕಿತ್ತು. ಅಲ್ಲಿದ್ದದ್ದು ‘ಎಂಬಿ’, ಅಂದರೆ ವಿಲ್ಲೀಸ್ ಇಂಜಿನ್. ಯಾವಾಗಲೋ, ಎಲ್ಲೋ ಬದಲಾಗಿದೆ. ಬಿಡಿಭಾಗ ಒಂದಕ್ಕೊಂದು ಹೊಂದುವ ಹಾಗೇ ಮಾಡಿದ್ದು, ಹಾಗಾಗಿ ಇದು ಮಾಮೂಲು. ಗ್ಲವ್‌ಬಾಕ್ಸಿನ ಮೇಲೆ ಗಾಡಿಯ ವಿವರ ಇರುವ ತಗಡಿನ ಫಲಕವನ್ನಂತೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂಥವು ಹೊಸದಾಗಿ ಅಚ್ಚಾಗಿ ಮಾರಾಟಕ್ಕಿವೆ, ಸುಮ್ನೆ ಹೊಳೆಯುತ್ತವೆ.

ಉಳಿದದ್ದು ಬಣ್ಣ. ಬಾನೆಟ್ಟಿನ ಪಕ್ಕವನ್ನು ನೀರು ಹಾಕಿ, ನಯವಾದ ವಾಟರ್ ಪೇಪರಿನಲ್ಲಿ ಬೆರಳ ತುದಿಯಿಂದ ಉಜ್ಜಿದೆ. ಮೂರು ದಿನ ಹಿಡಿಯಿತು. ಮೊದಲು ಅಪ್ಪನ ಕಾಲದ ಕೆಂಪು, ಆಮೇಲೆ ಬೂದು, ಅದರಡಿ ಸೈನ್ಯದ ಮಂಕು ಹಸಿರು. ಹಸಿರಿನ ಮೇಲೆ ಬಿಳಿ ಅಂಕಿಗಳು: ಎರಡು, ಸೊನ್ನೆ, ಆಮೇಲೆ ಇನ್ನೂ ಮೂರು ಅಂಕಿ. ಅಮೆರಿಕದ ಸೈನ್ಯ ಜೀಪುಗಳಿಗೆ 20ರಿಂದ ಶುರುವಾಗುವ ನಂಬರ್ ಕೊಡುತ್ತಿತ್ತು. ಬ್ರಿಟಿಷರ ಜೀಪಾಗಿದ್ದರೆ ಮುಂದೆ ‘ಎಂ’ ಅಕ್ಷರ ಇರುತ್ತಿತ್ತು. ಬರಿಗೈಯಲ್ಲಿ ಬಾನೆಟ್ ಸವರಿ ನೋಡಿದೆ, ನಾಚಿಕೆಯೇನಿಲ್ಲ.

ಇಷ್ಟಾದ ಮೇಲೆ ಕಥೆ ಕಟ್ಟುವ ಆಸೆ ಜೋರಾಯಿತು. 1943ರಿಂದ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ವಾಯುಪಡೆಯ 84ನೇ ಏರ್ ಡಿಪೋ ಆಗಿತ್ತು. ಗಾಡಿ ಅಲ್ಲಿಯದೇ ಅಂದುಬಿಟ್ಟರೆ ಯಾರು ಕೇಳುತ್ತಾರೆ? ಆದರೆ ಬಾನೆಟ್ ನಂಬರ್ ಸೈನ್ಯ ಯಾವುದು ಅಂತ ಹೇಳುತ್ತದೆ, ತುಕಡಿ ಯಾವುದು ಅಂತ ಹೇಳುವುದಿಲ್ಲ. ತುಕಡಿಯ ಗುರುತು ಬರೆಯುತ್ತಿದ್ದದ್ದು ಬಂಪರ್ ಮೇಲೆ. ನಮ್ಮ ಬಂಪರ್ ಎಲ್ಲಿ? ಅಜ್ಜನ ಕಾಲದಲ್ಲೇ ಕಳಚಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಮುಂದಿನ ಚರಂಡಿಗೆ ಅಡ್ಡ ಹಾಕಿದ್ದರು. ನಾನೂ ಚಿಕ್ಕಂದಿನಲ್ಲಿ ಅದನ್ನು ತುಳಿದೇ ದಾಟಿದವನು. ಎತ್ತಿ ಉಜ್ಜಿದರೆ ಬರೀ ತುಕ್ಕು.

ಹೊಸ ಬಣ್ಣದ ಮೇಲೆ ಸಿಕ್ಕ ಐದು ಅಂಕಿಗಳನ್ನಷ್ಟೇ ಬರೆಯಲು ಹೇಳಿದೆ. ಪೇಂಟರ್‌ಗೆ ಸಮಾಧಾನವಾಗಲಿಲ್ಲ.

‘ಅರ್ಧಕ್ಕೆ ಬಿಟ್ರೆ ಚೆನ್ನಾಗಿರಲ್ಲ ಅಣ್ಣ. ಉಳಿದಿದ್ದಕ್ಕೆ ನಿಮ್ಮ ಮೊಬೈಲ್ ನಂಬರ್ ಹಾಕಿಬಿಡ್ಲಾ?’