ಕೂದಲು ಉದುರುತ್ತಿದ್ದರೆ ಮೊದಲು ಮೂರು ತಿಂಗಳ ಹಿಂದಿನದನ್ನು ನೆನಪು ಮಾಡಿಕೊಳ್ಳಿ

ಕೂದಲು ಉದುರುತ್ತಿದೆ ಅಂತ ಯಾರಾದರೂ ಬಂದು ಹೇಳಿದರೆ ಯಾವ ಎಣ್ಣೆ ಹಚ್ಚುತ್ತೀರಿ ಅಂತ ನಾನು ಕೇಳುವುದಿಲ್ಲ. ಮೂರು ತಿಂಗಳ ಹಿಂದೆ ಏನಾಗಿತ್ತು ಅಂತ ಕೇಳುತ್ತೇನೆ. ಜೋರು ಜ್ವರ ಬಂದಿತ್ತಾ, ಹೆರಿಗೆ ಆಗಿತ್ತಾ, ಆಪರೇಷನ್ ಮಾಡಿಸಿಕೊಂಡಿದ್ದಿರಾ, ತೂಕ ಇಳಿಸಬೇಕು ಅಂತ ಊಟ ಬಿಟ್ಟಿದ್ದಿರಾ, ಮನೆಯಲ್ಲಿ ಯಾರಾದರೂ ತೀರಿಕೊಂಡರಾ? ಸುಮಾರು ಜನ ಸ್ವಲ್ಪ ಹೊತ್ತು ಯೋಚಿಸಿ, ಹೌದು, ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ ಅನ್ನುತ್ತಾರೆ. ಸಂಬಂಧ ಇರುವುದೇ ಅಲ್ಲಿ.

ನಮ್ಮ ತಲೆಯಲ್ಲಿ ಹೆಚ್ಚುಕಡಿಮೆ 1 ಲಕ್ಷ ಕೂದಲಿರುತ್ತವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ಸುಮ್ನೆ ಕೂತಿದ್ದು ಉದುರುತ್ತದೆ. ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಯಾವುದೇ ಹೊತ್ತಿನಲ್ಲಿ ನೂರಕ್ಕೆ ಹತ್ತರಷ್ಟು ಕೂದಲು ಹೀಗೆ ವಿಶ್ರಾಂತಿಯಲ್ಲಿರುತ್ತವೆ. ನೀವೇ ಲೆಕ್ಕ ಹಾಕಿ. 10,000 ಕೂದಲು ಸುಮಾರು ನೂರು ದಿನದಲ್ಲಿ ಉದುರಬೇಕು ಅಂದರೆ ದಿನಕ್ಕೆ ನೂರರ ಹತ್ತಿರ ಆಯಿತು. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಮಾಮೂಲು ಅಂತ ಡಾಕ್ಟರುಗಳು ಹೇಳುವುದು ಸುಮ್ನೆ ಸಮಾಧಾನಕ್ಕಲ್ಲ. ಎರಡು ಮೂರು ದಿನ ಸ್ನಾನ ಮಾಡದೆ ಇದ್ದರೆ ಆ ದಿನಗಳದ್ದೆಲ್ಲ ಸೇರಿ ಒಂದೇ ಸಲ ಬರುತ್ತದೆ, ಅದನ್ನು ನೋಡಿ ಶಾಂಪೂವನ್ನು ಬೈಯುತ್ತೇವೆ.

ಮೈಗೆ ದೊಡ್ಡ ಪೆಟ್ಟು ಬಿದ್ದಾಗ, ಅಂದರೆ ಟೈಫಾಯ್ಡ್, ಡೆಂಗಿ, ಕೋವಿಡ್ ಥರದ ಜ್ವರ ಬಂದಾಗ, ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಆದರೆ ಆವತ್ತೇ ಉದುರುವುದಿಲ್ಲ, ಎರಡು ಮೂರು ತಿಂಗಳು ಅಲ್ಲೇ ಕೂತಿರುತ್ತವೆ. ಜ್ವರ ಮರೆತುಹೋಗಿ, ಆರೋಗ್ಯ ಸರಿಯಾಗಿ, ನೀವು ಆರಾಮಾಗಿ ಓಡಾಡಿಕೊಂಡಿರುವಾಗ ಇದ್ದಕ್ಕಿದ್ದಂತೆ ಬಾಚಣಿಗೆ ತುಂಬ ಕೂದಲು. ಆಗ ಆ ವಾರ ಬದಲಾಯಿಸಿದ ಸೋಪು, ಹೊಸ ಮನೆಯ ನೀರು, ಹೆಲ್ಮೆಟ್ಟು, ಎಲ್ಲದರ ಮೇಲೂ ಅನುಮಾನ ಬರುತ್ತದೆ. ಪಾಪ, ಅವುಗಳದ್ದೇನೂ ತಪ್ಪಿರುವುದಿಲ್ಲ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ ನಿಜ, ಬುಡದಿಂದ ಉದುರಿಸುವುದಿಲ್ಲ.

ಉದುರಿದ ಕೂದಲ ತುದಿಯಲ್ಲಿ ಸಣ್ಣ ಬಿಳಿ ಗುಂಡು ಕಂಡರೆ ಬೇರು ಸಮೇತ ಕಿತ್ತು ಬಂತು ಅಂತ ಗಾಬರಿಯಾಗುವವರು ತುಂಬಾ ಜನ. ಅದು ಬೇರಲ್ಲ. ವಿಶ್ರಾಂತಿ ಮುಗಿಸಿದ ಕೂದಲಿನ ಕೊನೆ ಹಾಗೇ ಇರುತ್ತದೆ, ಹೊಸ ಕೂದಲು ಹುಟ್ಟಿಸುವ ಭಾಗ ಚರ್ಮದ ಒಳಗೇ ಉಳಿದಿರುತ್ತದೆ. ಗುಂಡು ಇಲ್ಲದೆ, ಉದ್ದ ಗಿಡ್ಡ ತುಂಡುಗಳಾಗಿ ಬರುತ್ತಿದ್ದರೆ ಅದು ಉದುರುವುದಲ್ಲ, ಮುರಿಯುವುದು. ಅದಕ್ಕೆ ಕಾರಣ ಬಿಸಿ ಮಾಡುವ ಯಂತ್ರ, ಬ್ಲೀಚು, ಬಣ್ಣ, ಒದ್ದೆ ತಲೆಯನ್ನು ಎಳೆದೆಳೆದು ಬಾಚುವುದು. ಈ ಎರಡನ್ನು ಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ಮುಗಿಯುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ತಲೆಸ್ನಾನ ಮಾಡಿ ಒಂದು ದಿನ ಆದ ಮೇಲೆ, ಒಂದು ಐವತ್ತು ಕೂದಲಿನಷ್ಟು ಎಳೆ ಬೆರಳುಗಳ ಮಧ್ಯೆ ಹಿಡಿದು ಬುಡದಿಂದ ತುದಿಯವರೆಗೆ ಮೆತ್ತಗೆ ಎಳೆಯಿರಿ. ಒಂದೋ ಎರಡೋ ಬಂದರೆ ಚಿಂತೆಯಿಲ್ಲ. ತಲೆಯ ಬೇರೆ ಬೇರೆ ಕಡೆ ಮಾಡಿದಾಗಲೂ ಆರಕ್ಕಿಂತ ಜಾಸ್ತಿ ಬರುತ್ತಿದ್ದರೆ ಈಗ ಜೋರಾಗಿ ಉದುರುತ್ತಿದೆ ಅಂತ ಅರ್ಥ. ದಿನಾ ಮಾಡಬೇಡಿ ಮತ್ತೆ, ಎಳೆಯುವುದೇ ಒಂದು ಚಟ ಆಗಿಬಿಡುತ್ತದೆ.

ಬಾಣಂತಿಯರಿಗೆ ಬೇರೆಯಾಗಿ ಒಂದು ಮಾತು. ಬಸುರಿಯಾಗಿದ್ದಾಗ ಹಾರ್ಮೋನ್ ಏರಿರುವುದರಿಂದ ಉದುರಬೇಕಾದ ಕೂದಲೂ ತಲೆಯಲ್ಲೇ ಉಳಿದುಕೊಂಡು ದಟ್ಟವಾಗಿ ಕಾಣುತ್ತದೆ. ಹೆರಿಗೆಯಾಗಿ ಮೂರು ತಿಂಗಳ ಸುಮಾರಿಗೆ ಆ ಬಾಕಿಯೆಲ್ಲ ಒಟ್ಟಿಗೆ ತೀರುತ್ತದೆ. ಹಾಲು ಕುಡಿಸಿದ್ದರಿಂದ ಕೂದಲು ಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹಾಲು ಬಿಡಿಸಲೂಬೇಡಿ. ಮಗುವಿಗೆ ಒಂದು ವರ್ಷ ಆಗುವಷ್ಟರಲ್ಲಿ ಹೆಚ್ಚಿನವರಿಗೆ ಮೊದಲಿನ ಹಾಗೆ ಆಗುತ್ತದೆ. ಹಣೆಯ ಅಂಚಿನಲ್ಲಿ ನೆಟ್ಟಗೆ ನಿಲ್ಲುವ ಗಿಡ್ಡ ಗಿಡ್ಡ ಕೂದಲು ಕಂಡರೆ ಖುಷಿಪಡಿ, ಅವು ಹೊಸವು. ಜ್ವರದ ನಂತರ ಉದುರುವುದೂ ಇದೇ ಜಾತಿಯದು. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಅಷ್ಟೇ, ಹಾಗಾಗಿ ಉದುರುವುದು ನಿಂತ ಮೇಲೂ ಉದ್ದ ಜಡೆ ತುದಿಯವರೆಗೂ ಮೊದಲಿನ ದಪ್ಪಕ್ಕೆ ಬರಲು ವರ್ಷಕ್ಕಿಂತ ಜಾಸ್ತಿ ಬೇಕು. ಈ ಮಧ್ಯೆ ಯಾವ ಎಣ್ಣೆ ಹಚ್ಚಿದ್ದರೂ ಅದರಿಂದಲೇ ವಾಸಿಯಾಯಿತು ಅನ್ನಿಸುತ್ತದೆ. ಎಷ್ಟೋ ಎಣ್ಣೆ ಬಾಟಲಿಗಳಿಗೆ ಹೆಸರು ಬಂದಿರುವುದು ಹೀಗೇ ಅಂತ ನನ್ನ ಅನಿಸಿಕೆ.

ಆರು ತಿಂಗಳು ಕಳೆದರೂ ನಿಲ್ಲದಿದ್ದರೆ, ಅಥವಾ ನೆನಪಿಗೆ ಬರುವಂಥ ಕಾರಣವೇ ಇಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಒಂದೇ ಸಾಲದು, ಫೆರಿಟಿನ್ ಕೂಡ ನೋಡಬೇಕು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವುದು ಅದು. ಹಿಮೋಗ್ಲೋಬಿನ್ ಸರಿ ಇದ್ದೂ ಫೆರಿಟಿನ್ ತಳ ಹಿಡಿದಿರಬಹುದು, ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಇದು ಮಾಮೂಲು. ಜೊತೆಗೆ ಥೈರಾಯ್ಡ್, ಬೇಕಾದರೆ ವಿಟಮಿನ್ ಡಿ, ಬಿ12. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿ ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತೊಗೊಳ್ಳಿ. ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲು ಬರುತ್ತಾ ತಲೆಯದ್ದು ತೆಳುವಾಗುತ್ತಿದ್ದರೆ ಪಿಸಿಒಎಸ್, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ, ಇದೆಯಾ ಅಂತ ನೋಡಿಸಿ. ಊಟದಲ್ಲಿ ಪ್ರೋಟೀನ್ ಕಡಿಮೆಯಾದರೂ ಕೂದಲಿಗೆ ಏಟು ಬೀಳುತ್ತದೆ, ಕಾಳು ಬೇಳೆ ಮೊಟ್ಟೆ ಬಿಟ್ಟು ಬರೀ ಹಣ್ಣಿನ ರಸ ಕುಡಿದು ಸಣ್ಣಗಾಗುವವರಿಗೆ ಇದನ್ನು ಜೋರಾಗಿಯೇ ಹೇಳಬೇಕು.

ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊರತೆ ಇರುವುದು ತೀರಾ ಅಪರೂಪ, ಇಲ್ಲದವರಿಗೆ ಅದರಿಂದ ಉಪಯೋಗ ಆಗುವ ಗುರುತು ಕಾಣೆ. ಮೇಲಾಗಿ ಜಾಸ್ತಿ ಪ್ರಮಾಣದ ಬಯೋಟಿನ್ ತೊಗೊಳ್ಳುತ್ತಿದ್ದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಮಾಡುವ ಟ್ರೋಪೊನಿನ್ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ರಕ್ತ ಕೊಡುವ ಮೊದಲು ಲ್ಯಾಬಿನವರಿಗೆ ಹೇಳಿಬಿಡಿ. ವಿಟಮಿನ್ ಎ ಅತಿಯಾದರೆ ಕೂದಲು ಉದುರುತ್ತದೆ, ಇದನ್ನು ಮಾತ್ರೆ ಡಬ್ಬಿ ಮಾರುವವರು ಹೇಳುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಒಂದು ಥರ. ಇನ್ನೊಂದು ಥರದಲ್ಲಿ ಬಾಚಣಿಗೆಯಲ್ಲಿ ಅಷ್ಟೇನೂ ಕಾಣುವುದಿಲ್ಲ, ಆದರೂ ತಲೆ ಖಾಲಿಯಾಗುತ್ತಾ ಹೋಗುತ್ತದೆ. ಗಂಡಸರಿಗೆ ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತದೆ, ನೆತ್ತಿ ತೆಳುವಾಗುತ್ತದೆ. ಹೆಂಗಸರಿಗೆ ಹಣೆಯ ಅಂಚು ಹಾಗೇ ಇದ್ದು ಬೈತಲೆ ಅಗಲವಾಗುತ್ತದೆ. ಇದು ವಂಶದಿಂದ ಬರುವಂಥದ್ದು. ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಅನ್ನುವುದು ಸುಳ್ಳು, ಎರಡೂ ಕಡೆಯಿಂದ ಬರುತ್ತದೆ. ಟೆಸ್ಟೋಸ್ಟೆರಾನ್ ಹಾರ್ಮೋನ್ ಮೈಯಲ್ಲಿ ಡಿಎಚ್‌ಟಿ ಅನ್ನುವ ರೂಪಕ್ಕೆ ತಿರುಗುತ್ತದೆ, ಅದಕ್ಕೆ ಒಗ್ಗದ ಬುಡಗಳು ಪ್ರತಿ ಸುತ್ತಿನಲ್ಲೂ ಮೊದಲಿಗಿಂತ ಸಣ್ಣ, ಗಿಡ್ಡ ಕೂದಲು ಹುಟ್ಟಿಸುತ್ತಾ ಕೊನೆಗೆ ಬರೀ ರೋಮ ಉಳಿಯುತ್ತದೆ. ತಲೆಯ ಹಿಂಭಾಗದ ಬುಡಗಳಿಗೆ ಇದು ತಟ್ಟುವುದಿಲ್ಲ, ಬೊಕ್ಕತಲೆಯವರಿಗೂ ಹಿಂದೆ ಕೂದಲು ಉಳಿದಿರುವುದು ಅದಕ್ಕೇ. ಈ ಥರದಲ್ಲಿ ಕಾದು ನೋಡೋಣ ಅನ್ನುವುದು ನಷ್ಟ. ಬುಡ ಪೂರ್ತಿ ಸೊರಗುವ ಮೊದಲು ಶುರು ಮಾಡಿದರೆ ಮಾತ್ರ ಔಷಧಿ ಏನಾದರೂ ಮಾಡೀತು.

ಔಷಧಿ ಅಂದರೆ ಮುಖ್ಯವಾಗಿ ಎರಡು. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ತೊಗೊಂಡವರಿಗೆ ಮೈಮೇಲೆಲ್ಲ ಕೂದಲು ಬಂದಿದ್ದು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2 ಪರ್ಸೆಂಟ್, 5 ಪರ್ಸೆಂಟ್ ಅಂತ ಎರಡು ಬರುತ್ತದೆ, ಯಾವುದು ನಿಮಗೆ ಅಂತ ಡಾಕ್ಟರು ಹೇಳಲಿ. ಸಾಮಾನ್ಯವಾಗಿ ಒಂದು ಸಲಕ್ಕೆ 1 ಮಿಲಿ. ಒಣ ತಲೆಗೆ, ಕೂದಲಿಗಲ್ಲ, ಚರ್ಮಕ್ಕೆ ತಾಗುವ ಹಾಗೆ ಹಚ್ಚಬೇಕು. ಮಲಗುವ ಎರಡು ಗಂಟೆ ಮೊದಲಾದರೂ ಹಚ್ಚಿ ಒಣಗಿಸಿ, ಇಲ್ಲದಿದ್ದರೆ ದಿಂಬಿಗೆ ಅಂಟಿ ಅಲ್ಲಿಂದ ಮುಖಕ್ಕೆ ಬಂದು ಕೆನ್ನೆಯ ಮೇಲೆ ರೋಮ ಬೆಳೆಯುತ್ತದೆ. ಕೈ ತೊಳೆದುಕೊಳ್ಳಿ. ಮನೆಯಲ್ಲಿ ಬೆಕ್ಕು ಇದ್ದರೆ ಹುಷಾರು, ಒಂದಿಷ್ಟು ನೆಕ್ಕಿದರೂ ಅದರ ಜೀವಕ್ಕೆ ಅಪಾಯ. ಬಸುರಿಯರು, ಹಾಲೂಡಿಸುವವರು ಬಳಸಬಾರದು.

ಜನ ಎಡವುವುದು ಇಲ್ಲಿ. ಹಚ್ಚಲು ಶುರು ಮಾಡಿದ ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ ಉದುರುತ್ತದೆ, ವಿಶ್ರಾಂತಿಯಲ್ಲಿದ್ದ ಹಳೆಯದನ್ನು ತಳ್ಳಿ ಹೊಸದು ಬರಲು ಹೊರಡುವುದರಿಂದ. ಹೆದರಿ ಬಿಟ್ಟುಬಿಡುತ್ತಾರೆ. ನಾಲ್ಕರಿಂದ ಆರು ತಿಂಗಳು ಹಚ್ಚದೆ ಫಲ ಗೊತ್ತಾಗುವುದಿಲ್ಲ. ಫಲ ಸಿಕ್ಕಿತು ಅಂತ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ಹೋಗುತ್ತದೆ. ವರ್ಷಗಟ್ಟಲೆ ಮಾಡುವ ಕೆಲಸ ಇದು, ಆ ಮನಸ್ಸು ಇಲ್ಲದವರು ಶುರು ಮಾಡದೆ ಇರುವುದೇ ಒಳ್ಳೆಯದು ಅಂತ ನಾನಂತೂ ಹೇಳುತ್ತೇನೆ. ಬೋಳಾಗಿರುವುದು ಕಾಯಿಲೆ ಏನಲ್ಲ, ಅಲ್ವಾ?

ಇನ್ನೊಂದು ಫಿನಾಸ್ಟೆರೈಡ್, ದಿನಕ್ಕೆ 1 ಮಿಲಿಗ್ರಾಂ ಮಾತ್ರೆ. ಡಿಎಚ್‌ಟಿಯನ್ನೇ ಕಡಿಮೆ ಮಾಡುತ್ತದೆ. ಗಂಡಸರಿಗೆ ಮಾತ್ರ, ಡಾಕ್ಟರು ಬರೆದುಕೊಟ್ಟರೆ ಮಾತ್ರ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತದೆ, ಮನಸ್ಸು ಮಂಕಾಗುವುದೂ ಉಂಟು, ಹಾಗಾದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು. ಪುಡಿಯಾದ ಮಾತ್ರೆಯನ್ನು ಬಸುರಿಯರು ಮುಟ್ಟಲೂಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿಗೆ ತೊಂದರೆ. ಇದನ್ನು ತೊಗೊಳ್ಳುವಾಗ ರಕ್ತದಾನ ಮಾಡುವಂತಿಲ್ಲ. ವಯಸ್ಸಾದವರು ಪ್ರಾಸ್ಟೇಟ್ ಗ್ರಂಥಿಗಾಗಿ ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆ ಮಾಡಿಸುವಾಗ ಈ ಮಾತ್ರೆಯ ವಿಷಯ ಹೇಳಲೇಬೇಕು, ಅಂಕಿ ಅರ್ಧದಷ್ಟು ಕಮ್ಮಿ ತೋರಿಸುತ್ತದೆ.

ನಾಣ್ಯದ ಹಾಗೆ ದುಂಡಗೆ, ನುಣ್ಣಗೆ ಬೋಳಾದರೆ ಹುಳ ತಿಂದಿದೆ ಅನ್ನುತ್ತಾರೆ. ಹುಳ ಏನೂ ಇರುವುದಿಲ್ಲ. ಮೈಯ ರೋಗ ನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ದಾಳಿ ಮಾಡುತ್ತಿರುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸಣ್ಣ ತೇಪೆಯಾದರೆ ಎಷ್ಟೋ ಸಲ ತಾನೇ ತುಂಬಿಕೊಳ್ಳುತ್ತದೆ, ಇಲ್ಲದಿದ್ದರೆ ಅಲ್ಲಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ತಲೆಯ ಬಹುಭಾಗ ಹೋದವರಿಗೂ ಈಗ ಮಾತ್ರೆ ಇದೆ, ಬಾರಿಸಿಟಿನಿಬ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಜಾಗಕ್ಕೆ ಉರಿಯುವಂಥದ್ದನ್ನೆಲ್ಲ ಅರೆದು ತಿಕ್ಕಿ ಗಾಯ ಮಾಡಿಕೊಳ್ಳಬೇಡಿ. ಮಕ್ಕಳ ತಲೆಯಲ್ಲಿ ತೇಪೆಯ ಜೊತೆ ಹೊಟ್ಟು, ತುರಿಕೆ, ಮುರಿದ ಕೂದಲು ಕಂಡರೆ ಅದು ಬೇರೆ, ಫಂಗಸ್ಸು. ಅದು ಅಂಟುತ್ತದೆ. ಮುಲಾಮು ಸಾಲದು, ನುಂಗುವ ಔಷಧಿಯೇ ಬೇಕು. ಬಾಚಣಿಗೆ, ಟೋಪಿ, ಟವೆಲ್ ಬೇರೆ ಇಡಿ.

ತಲೆಯ ಚರ್ಮ ಉರಿಯುತ್ತಾ, ನೋಯುತ್ತಾ, ಕೂದಲು ಹೋದ ಜಾಗ ರಂಧ್ರಗಳೇ ಕಾಣದ ಹಾಗೆ ಹೊಳೆಯುತ್ತಿದ್ದರೆ ಮಾತ್ರ ಒಂದು ವಾರವೂ ತಡ ಮಾಡದೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಬುಡವೇ ಸತ್ತು ಗಾಯದ ಕಲೆ ಆಗುತ್ತಿರುತ್ತದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು.

ದಿನದ ಆರೈಕೆ ವಿಷಯಕ್ಕೆ ಬಂದರೆ ಎಣ್ಣೆಗೆ ನಾನು ವಿರೋಧಿಯಲ್ಲ. ತೊಳೆಯುವ ಮೊದಲು ಹಚ್ಚಿದರೆ ಕೂದಲು ಕಡಿಮೆ ಮುರಿಯುತ್ತದೆ, ಸಿಕ್ಕು ಸಲೀಸಾಗಿ ಬಿಡುತ್ತದೆ. ಹೊಸ ಕೂದಲು ಮಾತ್ರ ಹುಟ್ಟಿಸುವುದಿಲ್ಲ. ಹೊಟ್ಟು ಇದ್ದವರು ಎಣ್ಣೆ ಬಿಟ್ಟು, ಕೀಟೊಕೊನಾಜೋಲ್ ಇರುವ ಶಾಂಪೂ ವಾರಕ್ಕೆ ಎರಡು ಸಲ ಹಾಕಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಹಾಕಿದ ತಕ್ಷಣ ತೊಳೆದರೆ ದುಡ್ಡು ಚರಂಡಿಗೆ. ಜಡೆಯನ್ನು ಕಣ್ಣು ಎಳೆಯುವಷ್ಟು ಬಿಗಿಯಾಗಿ ಹಾಕಬೇಡಿ, ವರ್ಷಾನುಗಟ್ಟಲೆ ಹಾಗೆ ಎಳೆದರೆ ಹಣೆ ಅಂಚಿನ ಕೂದಲು ಕಾಯಂ ಹೋಗುತ್ತದೆ. ಒದ್ದೆ ಕೂದಲಿಗೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರು ಮಾಡಿ ಮೇಲಕ್ಕೆ. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಅನ್ನುವುದು ಬರೀ ನಂಬಿಕೆ, ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ದಪ್ಪ ಅನ್ನಿಸುತ್ತದೆ ಅಷ್ಟೇ.

ಕೂದಲು ಕಸಿ ಮಾಡಿಸಬೇಕು ಅಂತ ಇರುವವರು ಒಂದು ತಿಳಿದಿರಿ. ಹೊಸ ಕೂದಲು ಯಾರೂ ಸೃಷ್ಟಿಸುವುದಿಲ್ಲ, ಹಿಂಭಾಗದ್ದನ್ನು ತೆಗೆದು ಮುಂದೆ ನೆಡುತ್ತಾರೆ. ನೆಟ್ಟದ್ದು ಕೆಲವೇ ವಾರದಲ್ಲಿ ಉದುರುತ್ತದೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ಹುಟ್ಟುತ್ತದೆ, ಪೂರ್ತಿ ರೂಪ ಕಾಣಲು ವರ್ಷ ಬೇಕು. ಅಕ್ಕಪಕ್ಕದ ಹಳೆಯ ಕೂದಲು ಹೋಗುವುದು ನಿಲ್ಲುವುದಿಲ್ಲವಾದ್ದರಿಂದ ಔಷಧಿ ಮುಂದುವರಿಸಬೇಕಾಗುತ್ತದೆ. ಇಪ್ಪತ್ತರ ಹುಡುಗರು ಅವಸರ ಮಾಡಬಾರದು, ಇನ್ನೂ ಎಲ್ಲೆಲ್ಲಿ ಹೋಗುತ್ತದೋ ಆ ವಯಸ್ಸಿಗೆ ಗೊತ್ತಿರುವುದಿಲ್ಲ. ತಲೆಯನ್ನು ಸರಿಯಾಗಿ ನೋಡದೆ, ರಕ್ತ ಪರೀಕ್ಷೆ ಕೇಳದೆ, ಮೊದಲ ದಿನವೇ ಪ್ಯಾಕೇಜ್ ದರ ಹೇಳುವ ಜಾಗದಿಂದ ಎದ್ದು ಬನ್ನಿ.

ಡಾಕ್ಟರ ಹತ್ತಿರ ಹೋಗುವಾಗ ಈಗ ತೊಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಕೊಂಡೊಯ್ಯಿರಿ, ಕೆಲವು ಮಾತ್ರೆಗಳಿಂದಲೂ ಕೂದಲು ಉದುರುತ್ತದೆ. ನೀವಾಗೇ ನಿಲ್ಲಿಸಬೇಡಿ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಅದೇ ಜಾಗದಲ್ಲಿ ಬೈತಲೆ ತೆಗೆದು ಫೋಟೋ ಹಿಡಿದಿಡಿ. ದಿನಾ ಕನ್ನಡಿ ನೋಡಿದರೆ ಗೊತ್ತಾಗದ್ದು ಆರು ಫೋಟೋ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ, ಡಾಕ್ಟರಿಗೂ ಕೆಲಸ ಸುಲಭ.