ಅಸ್ಥಿಮಜ್ಜೆ ಕಸಿ ಆದವರು ಮನೆಗೆ ಬಂದಾಗ: ಮಾತ್ರೆಗಿಂತ ಮೊದಲು ಫೋನು

ನನ್ನ ಅಣ್ಣನಿಗೆ ಮಜ್ಜೆ, ಅಂದರೆ ಮೂಳೆಯೊಳಗೆ ರಕ್ತಕಣ ಹುಟ್ಟಿಸುವ ಭಾಗ, ಕೊಟ್ಟವಳು ನಾನೇ. ಬೆಂಗಳೂರಿನಲ್ಲಿ ಕಸಿ ಆಯಿತು, ಕೌಂಟ್ ಏರಿತು, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಕರೆತಂದೆವು. ಇನ್ನೇನು ಗೆದ್ದೆವು ಅಂದುಕೊಂಡೆವು. ಆಮೇಲೆ ನಾವು ಮಾಡಿದ ತಪ್ಪುಗಳನ್ನೇ ಹೊಸನಗರ, ಸಾಗರದ ಕಡೆ ಇನ್ನೂ ಮೂರು ಮನೆಗಳಲ್ಲಿ ಕಂಡೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೌಂಟ್ ಏರಿದೆ ಅಂದರೆ ಬಿಳಿ ರಕ್ತಕಣಗಳು ಹುಟ್ಟಲು ಶುರುವಾಗಿವೆ, ಅಷ್ಟೆ. ಅವು ಇನ್ನೂ ಎಳೆಯವು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ಬಲವೂ ಉಳಿದಿರುವುದಿಲ್ಲ. ಇನ್ನೊಬ್ಬರ ಮಜ್ಜೆ ಪಡೆದಿದ್ದರೆ, ಆ ಹೊಸ ಕಣಗಳು ರೋಗಿಯ ಮೈಮೇಲೇ ತಿರುಗಿಬೀಳದಂತೆ ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೋಲಿಮಸ್ ಕೊಡುತ್ತಾರೆ. ಅಂದರೆ ಮೈಯ ಕಾವಲನ್ನು ಬೇಕೆಂದೇ ತಗ್ಗಿಸಿರುತ್ತಾರೆ. ಮೊದಲೇ ತೆಗೆದಿಟ್ಟ ತಮ್ಮದೇ ಕಣಗಳನ್ನು ವಾಪಸ್ ಪಡೆದವರಿಗೆ ಈ ಮಾತ್ರೆ ಬೇಕಾಗುವುದಿಲ್ಲ, ಚೇತರಿಕೆಯೂ ಬೇಗ. ಆದರೂ ಮೊದಲ 100 ದಿನ ಯಾರಿಗೂ ಸಲೀಸಲ್ಲ.

ಹೆಜ್ಜೆ 1: ರೋಗಿ ಬರುವ ಮುಂಚೆ ಕೋಣೆ

ಬಿಸಿಲು ಬೀಳುವ, ಗೋಡೆ ಒದ್ದೆಯಾಗದ ಕೋಣೆ ಆರಿಸಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ ಅಲ್ವಾ? ಆ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಎಂಬ ಜಾತಿ ಇದೆ. ನಮಗೆ ಅದು ಬರೀ ವಾಸನೆ, ಇವರಿಗೆ ಶ್ವಾಸಕೋಶದ ಸೋಂಕು. ಗೋಡೆ ಕೆರೆದು ಒರೆಸುವುದು, ಸುಣ್ಣ ಬಳಿಯುವುದು ಎಲ್ಲವೂ ರೋಗಿ ಬರುವುದಕ್ಕೆ ಮೊದಲೇ ಮುಗಿದಿರಲಿ. ಅಟ್ಟದ ಮೇಲಿನ ಹಳೇ ಹಾಸಿಗೆ, ಕಂಬಳಿ ಬೇಡವೇ ಬೇಡ. ಕೊಟ್ಟಿಗೆ, ಗೊಬ್ಬರಗುಂಡಿ, ಕೊಳೆಯುತ್ತಿರುವ ಅಡಿಕೆ ಸಿಪ್ಪೆಯ ರಾಶಿ, ಇವುಗಳ ಕಡೆಗೆ ಕಿಟಕಿ ಇರುವ ಕೋಣೆಯೂ ಬೇಡ. ಬೂಷ್ಟಿನ ಮೇಲೆ ಹೊಡೆಯುವ ಪರಿಮಳದ ಸ್ಪ್ರೇಗಳಿಗೆ ದುಡ್ಡು ಹಾಕಬೇಡಿ. ವಾಸನೆ ಮುಚ್ಚುತ್ತದೆ, ಬೂಷ್ಟು ಅಲ್ಲೇ ಇರುತ್ತದೆ.

ಹೆಜ್ಜೆ 2: ನೀರು, ಊಟ

ಅಬ್ಬಿ ನೀರು ಶುದ್ಧ ಎಂಬ ನಂಬಿಕೆ ನಮಗೆಲ್ಲ ಇದೆ. ಗುಡ್ಡದಿಂದ ಪೈಪಿನಲ್ಲಿ ಬರುವ ಆ ನೀರಾಗಲಿ ಬಾವಿ ನೀರಾಗಲಿ, ಕೊತಕೊತ ಕುದಿಸಿ ಮುಚ್ಚಿಟ್ಟು ಆ ದಿನವೇ ಬಳಸಿ. ಕ್ಯಾಂಡಲ್ ಫಿಲ್ಟರ್ ಸಾಲದು.

ಊಟದ ನಿಯಮ ಒಂದೇ: ಬೇಯಿಸಿದ್ದು, ಬಿಸಿಯಾಗಿದ್ದು, ಆಗಷ್ಟೇ ಮಾಡಿದ್ದು. ಹಸಿ ಸೊಪ್ಪಿನ ತಂಬುಳಿ, ಕೋಸಂಬರಿ, ಭರಣಿಯ ಮಿಡಿ ಉಪ್ಪಿನಕಾಯಿ, ಕಾಯಿಸದ ಹಾಲು ಸದ್ಯಕ್ಕೆ ಇಲ್ಲ. ಮೊಸರು ಯಾವಾಗಿನಿಂದ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಕವಳ, ಅಂದರೆ ಎಲೆ-ಅಡಿಕೆ, ಬಿಡಲೇಬೇಕು. ತಿಂಗಳೊಪ್ಪತ್ತಿಗಲ್ಲ, ಪೂರ್ತಿ. ಕಸಿ ಆದವರ ಬಾಯಿಯ ಒಳಚರ್ಮ ಬಲು ಸೂಕ್ಷ್ಮ, ಅಡಿಕೆ ಮತ್ತು ಸುಣ್ಣ ಅದಕ್ಕೆ ಶತ್ರುಗಳು.

ಚಕ್ಕೋತ ಹಣ್ಣನ್ನೂ ದೂರ ಇಡಿ. ಅದು ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್‌ಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಹುದು. ಇನ್ನು ‘ಶಕ್ತಿ ಬರಲಿ’ ಅಂತ ನೆಂಟರು ತರುವ ಅಮೃತಬಳ್ಳಿ ಕಷಾಯ. ಪ್ರೀತಿಯಿಂದಲೇ ತರುತ್ತಾರೆ. ಆದರೆ ಡಾಕ್ಟರು ತಗ್ಗಿಸಿಟ್ಟ ಶಕ್ತಿಯನ್ನೇ ಅದು ಕೆಣಕಬಹುದು, ಲಿವರ್‌ಗೂ ಪೆಟ್ಟು. ಕೈಮುಗಿದು ಬೇಡ ಅನ್ನಿ.

ಹೆಜ್ಜೆ 3: ಮಾತ್ರೆ

ಹೊತ್ತಿಗೆ ಸರಿಯಾಗಿ ಕೊಡಿ. ಒಂದೇ ಎಚ್ಚರಿಕೆ: ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೋಲಿಮಸ್ ಲೆವೆಲ್ ನೋಡಲು ರಕ್ತ ಕೊಡುವ ದಿನ, ಬೆಳಗಿನ ಆ ಮಾತ್ರೆಯನ್ನು ನುಂಗದೆ ಕೈಯಲ್ಲಿ ಹಿಡಿದು ಹೋಗಿ. ರಕ್ತ ಕೊಟ್ಟ ಮೇಲೆ ನುಂಗಿ. ನಾವು ಎರಡು ಸಲ ಮನೆಯಲ್ಲೇ ಕೊಟ್ಟು ಹೊರಟಿದ್ದೆವು. ಲೆವೆಲ್ ಜಾಸ್ತಿ ಬಂತು, ಡೋಸ್ ತಪ್ಪಾಗಿ ಕಡಿಮೆ ಮಾಡಿದರು.

ಹೆಜ್ಜೆ 4: ಜ್ವರ

ಎಲ್ಲರೂ ಎಡವುವುದು ಇಲ್ಲೇ. ದಯವಿಟ್ಟು ನಿಧಾನವಾಗಿ ಓದಿ.

ನಾಲಿಗೆಯಡಿ ಇಡುವ ಸಾದಾ ಡಿಜಿಟಲ್ ಥರ್ಮಾಮೀಟರ್ ಎರಡು ಕೊಳ್ಳಿ. ಹಣೆಗೆ ಗುರಿ ಹಿಡಿಯುವ ಗನ್ ಬೇಡ. ಬೆವರಿದ್ದರೆ, ಚಳಿಯಿದ್ದರೆ ಅದು ತಪ್ಪು ತೋರಿಸುತ್ತದೆ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. ಬೆಳಿಗ್ಗೆ, ಸಂಜೆ ನೋಡಿ ಪುಸ್ತಕದಲ್ಲಿ ಬರೆಯಿರಿ. ಮೈ ಬೆಚ್ಚಗೆ ಅನ್ನಿಸಿದಾಗಲೆಲ್ಲ ಮತ್ತೆ ನೋಡಿ.

100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್. ಅದು ಬಂತು ಅಂದರೆ ಪ್ಯಾರಸಿಟಮಾಲ್ ಕೊಡಬೇಡಿ. ಮೊದಲು ಕಸಿ ಘಟಕಕ್ಕೆ ಫೋನ್ ಮಾಡಿ, ರಾತ್ರಿ ಎರಡು ಗಂಟೆಯಾದರೂ ಸರಿ.

ನಾವು ಮಾಡಿದ್ದು ಉಲ್ಟಾ. ಆಷಾಢದ ಒಂದು ರಾತ್ರಿ ಅಣ್ಣನಿಗೆ 100.8 ಇತ್ತು. ಹೊರಗೆ ಧೋ ಎಂದು ಮಳೆ. ಡೋಲೊ, ಅಂದರೆ ಪ್ಯಾರಸಿಟಮಾಲನ್ನೇ, ಕೊಟ್ಟೆವು. ಬೆವರಿತು, ಜ್ವರ ಇಳಿಯಿತು, ಎಲ್ಲರೂ ಮಲಗಿದೆವು. ಮಾತ್ರೆ ಜ್ವರವನ್ನು ಇಳಿಸಿತ್ತೇ ಹೊರತು ಸೋಂಕನ್ನಲ್ಲ. ಮಾರನೇ ದಿನ ಮಧ್ಯಾಹ್ನ ಮೈ ಗಡಗಡ ನಡುಗಿ ಬಿಪಿ ಕುಸಿಯಿತು. ಹತ್ತಿರದ ಕ್ಲಿನಿಕ್ ಒಂದರಲ್ಲಿ ಸೊಂಟಕ್ಕೆ ನೋವಿನ ಇಂಜೆಕ್ಷನ್ ಚುಚ್ಚಿ ಕಳಿಸಿದರು. ಪ್ಲೇಟ್‌ಲೆಟ್ ಕಡಿಮೆ ಇದ್ದವರ ಸ್ನಾಯುವಿಗೆ ಸೂಜಿ ಚುಚ್ಚಿದರೆ ಒಳಗೇ ರಕ್ತ ಕಟ್ಟಬಹುದು. ಡೈಕ್ಲೋಫಿನಾಕ್‌ನಂಥ ನೋವಿನ ಔಷಧಿ ಸೈಕ್ಲೋಸ್ಪೊರಿನ್ ಜೊತೆ ಸೇರಿದರೆ ಕಿಡ್ನಿಗೆ ಏಟು. ಅಣ್ಣ ಉಳಿದ. ಆ ಹದಿನಾರು ಗಂಟೆಯನ್ನು ನೆನೆದರೆ ನನಗೆ ಇವತ್ತಿಗೂ ನಿದ್ದೆ ಹತ್ತುವುದಿಲ್ಲ.

ಇಂಥ ಜ್ವರಕ್ಕೆ ಬೇಕಾದ್ದು ರಕ್ತನಾಳಕ್ಕೆ ಹೋಗುವ ಆಂಟಿಬಯೊಟಿಕ್, ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ. ಹಾಗಾಗಿ ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ನೇರ ಹೊರಡುವುದು ದೊಡ್ಡ ತಪ್ಪು. ಡಿಸ್ಚಾರ್ಜ್ ಆಗುವ ಮೊದಲೇ ಕಸಿ ಡಾಕ್ಟರನ್ನು ಕೇಳಿ: ಶಿವಮೊಗ್ಗದಲ್ಲಿ ಯಾವ ಆಸ್ಪತ್ರೆಯಲ್ಲಿ ಮೊದಲ ಡೋಸ್ ಶುರು ಮಾಡಿಸಬೇಕು? ಆರಾಮಾಗಿರುವಾಗಲೇ ಅಲ್ಲಿಗೆ ಹೋಗಿ ಅಲ್ಲಿನ ಡಾಕ್ಟರಿಗೆ ಮುಖ ತೋರಿಸಿ ಬನ್ನಿ.

ಒಂದು ಕಾಗದ ಬರೆಸಿಕೊಂಡು ಲ್ಯಾಮಿನೇಟ್ ಮಾಡಿಸಿ. ಕಾಯಿಲೆಯ ಹೆಸರು, ಕಸಿಯಾದ ದಿನ, ಮಾತ್ರೆಗಳು, ಘಟಕದ ಫೋನ್ ನಂಬರ್, ಮೊದಲು ಕೊಡಬೇಕಾದ ಆಂಟಿಬಯೊಟಿಕ್ ಅದರಲ್ಲಿರಲಿ. ರೋಗಿಗೆ ರಕ್ತ ಏರಿಸಬೇಕಾಗಿ ಬಂದರೆ ವಿಕಿರಣ ಹಾಯಿಸಿದ ರಕ್ತವೇ ಆಗಬೇಕು ಎಂದೂ ಬರೆಸಿ. ರಕ್ತದ ಗುಂಪನ್ನು ಹಳೇ ಕಾರ್ಡ್ ನೋಡಿ ಹೇಳಬೇಡಿ. ಅಣ್ಣನ ಗುಂಪು ಮೊದಲು ಬೇರೆ ಇತ್ತು, ಈಗ ನನ್ನದೇ.

ಕರೆಂಟ್ ಹೋದರೆ ನಮ್ಮ ಕಡೆ ನೆಟ್‌ವರ್ಕೂ ಹೋಗುತ್ತದೆ. ಯಾವ ಗುಡ್ಡದ ತಿರುವಿನಲ್ಲಿ ಸಿಗ್ನಲ್ ಬರುತ್ತದೆ ಎಂದು ತಿಳಿದಿಟ್ಟುಕೊಳ್ಳಿ. ಮರ ಬಿದ್ದರೆ ಎರಡನೇ ದಾರಿ ಯಾವುದು, ಅದೂ ಗೊತ್ತಿರಲಿ. ಚೀಲ ಕಟ್ಟಿಟ್ಟಿರಲಿ, ಕಾರಿನಲ್ಲಿ ಪೆಟ್ರೋಲ್ ಇರಲಿ.

ಸ್ಟಿರಾಯ್ಡ್ ತಿನ್ನುವವರಿಗೆ ಜ್ವರವೇ ಕಾಣಿಸದೆ ಇರಬಹುದು. ನಡುಕ, ಏದುಸಿರು, ಮಂಪರು ಇದ್ದರೆ ಥರ್ಮಾಮೀಟರ್ 98 ತೋರಿಸಿದರೂ ಫೋನ್ ಮಾಡಿ. ಅಂಗೈ ಕೆಂಪಾಗಿ ಉರಿ, ಮೈಮೇಲೆ ಗಂದೆ, ನಿಲ್ಲದ ಭೇದಿ, ಹಳದಿ ಕಣ್ಣು, ಇವು ಹೊಸ ಮಜ್ಜೆ ಮೈಯೊಂದಿಗೆ ಜಗಳಕ್ಕಿಳಿದ ಗುರುತು. ಅದೇ ದಿನ ತಿಳಿಸಿ. ‘ಪಿತ್ತ’ ಅಂತ ಸುಮ್ನೆ ಕೂರಬೇಡಿ.

ಹೆಜ್ಜೆ 5: ಜನ, ತೋಟ

ನೋಡಲು ಬರುವವರು ಜಗಲಿಯಲ್ಲೇ ಕೂರಲಿ. ನೆಗಡಿ ಇದ್ದವರು ಬರುವುದೇ ಬೇಡ. ಮನೆಯವರೆಲ್ಲ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ.

ಅಡಿಕೆ ಸುಲಿಯುವ, ಬೇಯಿಸುವ ದಿನಗಳಲ್ಲಿ ರೋಗಿಯನ್ನು ಪೇಟೆಯ ನೆಂಟರ ಮನೆಯಲ್ಲಿ ಇರಿಸುವುದು ನನ್ನ ಮಟ್ಟಿಗೆ ಕಡ್ಡಾಯ. ದರಕು (ತರಗೆಲೆ) ಗುಡಿಸುವುದು, ಕಾಡಿಗೆ ಹೋಗುವುದು ಮೊದಲ ವರ್ಷ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗು ನಾಯಿಯ ಮೈಮೇಲೆ, ದನದ ಮೈಮೇಲೆ ಮನೆತನಕ ಬರುತ್ತದೆ.

ಹೆಜ್ಜೆ 6: ಮತ್ತೆ ಲಸಿಕೆ

ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಮಕ್ಕಳ ಲಸಿಕೆಗಳನ್ನು ಮೊದಲಿನಿಂದ ಶುರು ಮಾಡುತ್ತಾರೆ. ದಡಾರದಂಥ ಜೀವಂತ ಲಸಿಕೆ (ಬಲ ಕುಗ್ಗಿಸಿದ ಜೀವಂತ ರೋಗಾಣು ಇರುವಂಥದ್ದು) ಎರಡು ವರ್ಷ ಕಳೆಯದೆ ಇಲ್ಲ, ಅದೂ ಡಾಕ್ಟರ್ ಒಪ್ಪಿದರೆ. ನಮ್ಮಲ್ಲಿ ಅಣ್ಣನ ಲಸಿಕೆ ಕಾರ್ಡ್, ಅವನ ಚಿಕ್ಕ ಮಗಳ ಕಾರ್ಡ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿವೆ. ಮುಂದಿನ ತಾರೀಕುಗಳನ್ನು ಅತ್ತಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದೇ ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದಾರೆ.